ಗಿರಣಿ ಸಪ್ಪಳದ ಕೂಸು

ನಮ್ಮ ಅವ್ವ ಹತ್ತು ತಿಂಗಳ ಕೂಸಿಗೆ ಬಹುವಚನ ಹಚ್ಚಿ ಮಾತಾಡುತ್ತಿದ್ದಳು.

‘ಏಳ್ರಿ, ಬಿಸಲ ಬಂತು.’ ‘ಹಾಲು ಕುಡೀರಿ.’ ‘ಹಂಗ್ಯಾಕ ಸಿಟ್ಟಿಗೇಳತೀರಿ?’ ತನ್ನ ಕಾಲಿನ ಹೆಬ್ಬೆರಳನ್ನು ತಾನೇ ಬಾಯಿಗೆ ಎಳೆದುಕೊಂಡು ಚೀಪುತ್ತಿರುವ ಆಸಾಮಿಗೆ ಇಷ್ಟು ಮರ್ಯಾದೆ. ತೊಡೆಯ ಮೇಲೆ ಒದ್ದೆ ಮಾಡಿದರೂ ಅಷ್ಟೇ. ‘ಮಾಡಿದ್ರಿ? ಮಾಡ್ರಿ ಮಾಡ್ರಿ, ನಿಮ್ಮ ಮನಿನ ಐತಿ’ ಎಂದು ಸೀರೆ ಬದಲಿಸಲು ಏಳುತ್ತಿದ್ದಳು.

ಹೊಸಬರು ಕೇಳಿದರೆ ಮುದುಕಿಗೆ ಅರಳುಮರಳು ಅಂದುಕೊಳ್ಳಬೇಕು. ಹಾಗೇನಿಲ್ಲ. (ಸಂತೆಯಲ್ಲಿ ಮೆಣಸಿನಕಾಯಿ ತೂಗುವವನು ತಕ್ಕಡಿಗೆ ಕಿರುಬೆರಳು ತಾಗಿಸಿದರೂ ಹಿಡಿಯುವ ಹೆಂಗಸು ಆಕೆ.) ವಿಷಯ ಏನೆಂದರೆ, ಕೂಸಿನ ಹೆಸರು ರಾಚಪ್ಪ. ತೀರಿಕೊಂಡ ನಮ್ಮ ಅಪ್ಪನ ಹೆಸರೂ ರಾಚಪ್ಪ. ಅವ್ವ ಗಂಡನ ಹೆಸರನ್ನು ಒಂದು ದಿನವೂ ಬಾಯಿ ಬಿಟ್ಟು ಹೇಳಿದವಳಲ್ಲ. ‘ಇವರು’, ‘ಗಿರಣಿಯವರು’, ‘ಈರಣ್ಣನ ಅಪ್ಪಾರು’. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರನ್ನು ಮೊಳಕೈಯಿಂದ ತಿವಿಯುತ್ತಿದ್ದಳು. ಅವರು ಅಪರಿಚಿತರಾಗಿದ್ದರೆ ಅವರ ಗತಿ ಅಷ್ಟೇ.

ಅಂಥವಳ ಮನೆಯಲ್ಲಿ ಅದೇ ಹೆಸರಿನ ಮೊಮ್ಮಗ ಹುಟ್ಟಿದರೆ ಏನೆಂದು ಕರೆಯಬೇಕು?

ಹೆಸರಿಟ್ಟವಳು ನಾನೇ. ನಮ್ಮ ಕಡೆ ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಅಂದು ಹೆಸರು ಹೇಳಬೇಕು, ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ನನಗೆ ಬಿದ್ದ ಗುದ್ದುಗಳಲ್ಲಿ ಅರ್ಧ ಪ್ರೀತಿಯವು, ಇನ್ನರ್ಧ ಹಳೆಯ ಬಾಕಿ ಅಂತ ನನ್ನ ಅಂದಾಜು. ನಾನು ‘ರಾಚಪ್ಪ’ ಅಂದಾಗ ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೊಸ ಮದುವಣಗಿತ್ತಿಯ ಹಾಗೆ ನಕ್ಕಳು.

ಆದರೆ ಬಹುವಚನಕ್ಕೆ ಹೆಸರೊಂದೇ ಕಾರಣವಾಗಿರಲಿಲ್ಲ. ಸಪ್ಪಳವೂ ಕಾರಣ.

ರಾಮದುರ್ಗದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಅಪ್ಪ ಆಯುಷ್ಯವೆಲ್ಲ ಅದರಲ್ಲೇ ನಿಂತು ಜೋಳ, ಗೋಧಿ ಬೀಸಿದವನು. ರೆಪ್ಪೆಯ ಮೇಲೆ ಹಿಟ್ಟು, ಎದೆಯೊಳಗೂ ಹಿಟ್ಟು. ವಯಸ್ಸಾದಂತೆ ಅವನ ಉಸಿರಿಗೆ ಒಂದು ಸಪ್ಪಳ ಬಂತು. ಮೊದಲು ‘ಗುರ್ರ್’ ಅಂತ ಶುರು, ಕೊನೆಗೊಂದು ಸಣ್ಣ ಸಿಳ್ಳು. ಮಧ್ಯಾಹ್ನ ಗೋಧಿ ಚೀಲದ ಮೇಲೆ ಕತ್ತು ಹಿಂದಕ್ಕೆ ಚೆಲ್ಲಿ ಅಪ್ಪ ಮಲಗಿದನೆಂದರೆ ಓಣಿಗೆಲ್ಲ ಕೇಳುತ್ತಿತ್ತು. ‘ಎರಡನೇ ಗಿರಣಿ ಚಾಲೂ ಆತು’ ಅನ್ನುತ್ತಿದ್ದರು ಜನ. ಅವ್ವ ಮಾತ್ರ ಆ ಸಪ್ಪಳದ ಪಕ್ಕದಲ್ಲಿ ಹಾಯಾಗಿ ನಿದ್ದೆ ಮಾಡುತ್ತಿದ್ದಳು. ಅಪ್ಪ ಹೋದ ಮೇಲೆ ಅವಳಿಗೆ ನಿದ್ದೆ ಬರದಾಯಿತು. ಮನೆ ತೀರಾ ಸುಮ್ಮನಿದೆ ಅನ್ನುತ್ತಿದ್ದಳು. ಪಕ್ಕದಲ್ಲೇ ಗಿರಣಿ ಇರುವ ಮನೆ ಅದು, ನೆನಪಿರಲಿ.

ಅಪ್ಪ ಹೋಗಿ ವರ್ಷ ತುಂಬುವುದರೊಳಗೆ ತಮ್ಮ ಈರಣ್ಣನಿಗೆ ಗಂಡುಮಗು ಹುಟ್ಟಿತು. ಹೋದ ಹಿರಿಯರು ಅದೇ ಮನೆಗೆ ತಿರುಗಿ ಬರುತ್ತಾರೆ ಅನ್ನುವುದು ನಮ್ಮ ಹೆಂಗಸರ ಗಟ್ಟಿ ನಂಬಿಕೆ. ಕೂಸನ್ನು ಎರೆದು ಒರೆಸುವ ನೆಪದಲ್ಲಿ ಗುರುತು ಹುಡುಕಿದರು. ಕಿವಿ? ಅಪ್ಪನವೇ. ಬೆನ್ನಿನ ಮಚ್ಚೆ? ಇಲ್ಲ. ಮುಷ್ಟಿ ಬಿಗಿ ಹಿಡಿಯುವುದು? ಹೌದು, ಚಿಲ್ಲರೆ ಕೊಡುವಾಗ ಅಪ್ಪ ಹಿಡಿದಂತೆಯೇ. ಹೀಗೆ ವಿಚಾರಣೆ ನಡೆದಿರುವಾಗ ಕೂಸು ನಿದ್ದೆ ಹೋಯಿತು. ನಿದ್ದೆಯಲ್ಲಿ ಸಪ್ಪಳ ಶುರುವಾಯಿತು.

ಗುರ್ರ್. ಗುರ್ರ್. ಕೊನೆಗೊಂದು ಸಣ್ಣ ಸಿಳ್ಳು.

ಅವ್ವ ಕೈಯಲ್ಲಿದ್ದ ಎಣ್ಣೆ ಬಟ್ಟಲನ್ನು ಹಾಗೇ ನೆಲಕ್ಕಿಟ್ಟಳು. ‘ಬಂದ್ರಲ್ಲ’ ಅಂದಳು. ಆವತ್ತು ಅವಳು ಮಲಗಿದವಳು ಹೊತ್ತು ಏರಿದ ಮೇಲೆಯೇ ಎದ್ದದ್ದು.

ಇನ್ನು ಕೇಳಬೇಕೇ? ಜೋಳದ ಬುಟ್ಟಿ ಇಳಿಸಿದ ಹೆಂಗಸರು ಹಿಟ್ಟಾಗುವವರೆಗೆ ಒಳಗೆ ಬಂದು ಕೂಸಿನ ಸಪ್ಪಳ ಕೇಳಿ ಹೋಗತೊಡಗಿದರು. ಸಾಲಹಳ್ಳಿಯಿಂದ ಬಂದ ಒಬ್ಬಾಕೆ ಕಣ್ಣಿಗೆ ಸೆರಗು ಹಚ್ಚಿದಳಂತೆ. ಅಪ್ಪನ ಖಾಸಾ ಗೆಳೆಯ ಹುಸೇನಸಾಬ ಕಾಕಾ ದಿನಾ ಗಿರಣಿ ಕಟ್ಟೆಯ ಮೇಲೆ ಕೂತು ಮೂಗಿಗೆ ತಪಕೀರ, ಅಂದರೆ ನಶ್ಯ, ಏರಿಸುವ ಮನುಷ್ಯ. ಅವರು ಬಂದು ತೊಟ್ಟಿಲಿಗೆ ಕಿವಿ ಕೊಟ್ಟು ಕೇಳಿದರು. ‘ಹೌದು, ಇಂವ ನಮ್ಮ ರಾಚಣ್ಣನ. ಒಂದು ಚಿಟಿಕಿ ತಪಕೀರ ಕೊಡಲೇನ ವೈನಿ?’ ಅಂದು ಅವ್ವನ ಕೈಯಲ್ಲಿ ಬೈಸಿಕೊಂಡರು.

ನನಗೂ ಖುಷಿಯಾಗಿತ್ತು. ಯಾಕೆ ಆಗಬಾರದು? ಹುಟ್ಟಿದ ಕೂಸನ್ನು ನಾವು ಹಾಗೇ ಬಿಡುವವರೇ? ಮೂಗು ಅತ್ತೆಯದು, ಹುಬ್ಬು ಮಾವನದು, ಹಟ ಅಜ್ಜಿಯದು ಎಂದು ಕಾಯಿಪಲ್ಲೆ ಪಾಲು ಹಾಕಿದಂತೆ ಹಂಚಿಬಿಡುತ್ತೇವೆ. ನಮ್ಮ ಕೂಸಿನ ಪಾಲಿಗೆ ಉಸಿರೂ ಉಳಿದಿರಲಿಲ್ಲ, ಅದೂ ಅಜ್ಜನ ಲೆಕ್ಕಕ್ಕೆ ಹೋಗಿತ್ತು.

ಆಗಾಗ ಕೆಮ್ಮು ನೆಗಡಿ ಬರುತ್ತಿತ್ತು. ದವಾಖಾನೆಗೆ ಹೋಗಿ ಮೂಗಿಗೆ ಹೊಗೆಯಂಥ ಔಷಧ ಹಿಡಿಸಿಕೊಂಡು ಬರುತ್ತಿದ್ದರು. ಸ್ವಲ್ಪ ಇಳಿಯುತ್ತಿತ್ತು, ಮತ್ತೆ ಬರುತ್ತಿತ್ತು. ಮಲಗುವಾಗ ಕೂಸು ಕತ್ತನ್ನು ಪೂರ್ತಿ ಹಿಂದಕ್ಕೆ ಚೆಲ್ಲುತ್ತಿತ್ತು. ತಮ್ಮನ ಹೆಂಡತಿ ಸವಿತಾ ಕತ್ತು ಸರಿಮಾಡಲು ಹೋದರೆ ಅವ್ವ ತಡೆಯುತ್ತಿದ್ದಳು. ‘ಬಿಡ. ಅವರು ಚೀಲದ ಮ್ಯಾಲೆ ಮಲಗೂದು ಹಂಗ.’

ಹಾಲು ಕುಡಿಯುವ ತನಕ ಹೇಗೋ ನಡೆಯಿತು. ಗಂಜಿ, ಮೆತ್ತನ್ನ ಅನ್ನ ಶುರುಮಾಡಿದ ಮೇಲೆ ಎರಡು ತುತ್ತಿಗೆ ಕೆಮ್ಮುವುದು, ಮೂರನೆಯದಕ್ಕೆ ಕಕ್ಕುವುದು. ಓರಗೆಯ ಕೂಸುಗಳು ದುಂಡಗಾದರೆ ಇವನ ಕೈಕಾಲು ಕಡ್ಡಿ. ‘ಉಣ್ಣೂದರಾಗ ಮೊದಲಿಂದ ನಾಜೂಕು’ ಅಂದಳು ಅವ್ವ. (ಇದು ಮಾತ್ರ ಅಪ್ಪಟ ಸುಳ್ಳು. ಅಪ್ಪ ಬಿಸಿ ರೊಟ್ಟಿ ತಟ್ಟೆಗೆ ಬೀಳಲು ಬಿಡುತ್ತಿರಲಿಲ್ಲ.)

ನಾನಿರುವುದು ಬೈಲಹೊಂಗಲದಲ್ಲಿ, ಸಾಲಿ ಮಾಸ್ತರಣಿ. ರಜೆಗೆಂದು ಎಲ್ಲರೂ ನಮ್ಮ ಮನೆಗೆ ಬಂದಿದ್ದರು. ಸೋದರತ್ತೆಯ ಹುರುಪಿನಲ್ಲಿ ನಾನು ಬಾಳೆಹಣ್ಣು ಕಿವುಚಿ ಕೂಸಿನ ಬಾಯಿಗೆ ಇಟ್ಟೆ. ಕೂಸು ನುಂಗಲು ಹೋಯಿತು. ಕೆಮ್ಮಿತು. ಕೆಮ್ಮು ನಿಂತಿತು. ಅದರ ಜತೆ ಸಪ್ಪಳವೂ ನಿಂತಿತು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು.

ಸವಿತಾ ಕೂಸನ್ನು ಬೋರಲು ಹಿಡಿದು ಬೆನ್ನು ಬಡಿದಳು. ಹಣ್ಣು ಹೊರಬಿತ್ತು. ಉಸಿರು ಬಂತು, ‘ಗುರ್ರ್’ ಅಂತ. ಆ ಸಪ್ಪಳ ಕೇಳಿದ್ದೇ ಎಲ್ಲರೂ, ಚಪ್ಪಲಿಯ ಗೊಡವೆ ಇಲ್ಲದೆ, ಹಿಂದಿನ ಓಣಿಯ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು.

ಆ ಡಾಕ್ಟರು ಮೊದಲು ಕೂಸನ್ನು ಮುಟ್ಟಲಿಲ್ಲ. ಗದ್ದಕ್ಕೆ ಕೈಯಿಟ್ಟು ಸಪ್ಪಳ ಕೇಳುತ್ತ ಕೂತರು, ಸಂಗೀತಕ್ಕೆ ಕೂತವರ ಹಾಗೆ. ‘ಯಾವಾಗಿಂದ ಐತ್ರಿ ಇದು?’ ಅಂದರು.

‘ಹುಟ್ಟಿದಾಗಿಂದ’ ಅವ್ವ ಹೆಮ್ಮೆಯಿಂದ ಹೇಳಿದಳು. ‘ಅದು ಅವರ ಮೊದಲಿನ ಸಪ್ಪಳರಿ.’

‘ಮೊದಲಿನದು ಅಂದ್ರ?’

ಈರಣ್ಣ ತಲೆ ತಗ್ಗಿಸಿಕೊಂಡು ಕಥೆ ಬಿಡಿಸಿ ಹೇಳಿದ. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. (ಅದಕ್ಕೇ ಅವರ ಮೇಲೆ ನನಗೆ ಇಷ್ಟು ಗೌರವ.) ದಮ್ಮಿನ ಸಪ್ಪಳ ಸಾಮಾನ್ಯವಾಗಿ ಉಸಿರು ಹೊರಗೆ ಬಿಡುವಾಗ ಬರುತ್ತದೆ, ಇವನದು ಒಳಗೆ ಎಳೆದುಕೊಳ್ಳುವಾಗಲೂ ಬರುತ್ತಿದೆ, ಉಣ್ಣುವಾಗ ಹೆಚ್ಚಾಗುತ್ತಿದೆ ಅಂದರು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಉಸಿರಿನ ಕೊಳವೆ ಒಂದು ಕಡೆ ಇರುಕಾದ ಹಾಗಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎಡಕ್ಕೆ ಹೊರಳಬೇಕಾದದ್ದು ಬಲಕ್ಕೂ ಹೊರಳಿದಂತಿತ್ತು.

‘ಸಂಶಯ ಅಷ್ಟ ಹೇಳತೇನಿ’ ಅಂದರು. ‘ಇದರಾಗ ನೆರಳು ಕಾಣತೈತಿ, ವಸ್ತು ಕಾಣೂದಿಲ್ಲ. ಬೆಳಗಾವಿಗೆ ಹೋಗಿ ರಕ್ತನಾಳದ ಸಿಟಿ ಸ್ಕ್ಯಾನ್ ಮಾಡಸ್ರಿ. ತಡಾ ಮಾಡಬ್ಯಾಡ್ರಿ.’

ಮನೆಗೆ ಬಂದೆವು. ಅವ್ವ ಊಟಕ್ಕೆ ಕೂತರೂ ತುತ್ತು ಎತ್ತಲಿಲ್ಲ. ಕೇಳಿದಳು, ‘ಅದೇನರ ಇದ್ದು, ಸರಿ ಮಾಡಿದ್ರ, ಸಪ್ಪಳ ಹೋಗತೈತೇನ?’

‘ಹೋಗಬೇಕಲ್ಲ ಅವ್ವಾ’ ಅಂದ ಈರಣ್ಣ.

‘ಹಂಗಾದ್ರ ಅವರೂ ಹೋಗತಾರ.’

ನಾನು ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಉಸಿರಾಟದ ಅಂಗಗಳ ಚಿತ್ರವನ್ನು ಕಣ್ಣು ಮುಚ್ಚಿ ಬಿಡಿಸಬಲ್ಲೆ. ಆದರೆ ಒಂದು ಸಲ ಕಳೆದುಕೊಂಡವಳಿಗೆ ಎರಡನೇ ಸಲ ಕಳೆದುಕೋ ಅನ್ನುವುದು ಹೇಗೆ? ಕೂಸು ತೊಡೆಯ ಮೇಲೆ ಕತ್ತು ಚೆಲ್ಲಿ ಮಲಗಿತ್ತು, ಸಪ್ಪಳ ಮಾಡುತ್ತ.

ಮಾತಾಡಿದವಳು ಸವಿತಾ. ಅತ್ತೆಯ ಎದುರು ದನಿ ಎತ್ತಿದವಳಲ್ಲ. ಅವತ್ತೂ ಎತ್ತಲಿಲ್ಲ, ಮೆಲ್ಲಗೇ ಕೇಳಿದಳು. ‘ಅತ್ತೀ, ಮಾವಾರು ತಿರುಗಿ ಬಂದಾರಂತ ಇಟಗೊಳ್ರಿ. ಉಣ್ಣಾಕ ಬಂದಾರೋ, ಉಪಾಸ ಇರಾಕ ಬಂದಾರೋ?’

ಅವ್ವ ಅವಳನ್ನು ನೋಡಿದಳು. ಕೂಸಿನ ಕಡ್ಡಿ ಕೈಯನ್ನು ನೋಡಿದಳು. ಆಮೇಲೆ ತಟ್ಟೆ ಸರಿಸಿ ಎದ್ದಳು. ‘ಈರಣ್ಣಾ, ಗಾಡಿ ಹೇಳ’ ಅಂದಳು.

ಅವರೆಲ್ಲ ರಾಮದುರ್ಗಕ್ಕೆ ಮರಳಿದ ಮೇಲೆ ಸ್ಕ್ಯಾನಿಗೆ ದಿನ ಗೊತ್ತಾಯಿತು. ಆದರೆ ಒಂದು ಸೂಚನೆ. ಸ್ಕ್ಯಾನ್ ಮಾಡುವಾಗ ಕೂಸು ಮಿಸುಕಬಾರದು, ಮಿಸುಕಿದರೆ ಚಿತ್ರ ಕಲಸಿಹೋಗುತ್ತದೆ. ಉಸಿರಿನ ಕೊಳವೆ ಇರುಕಾದ ಕೂಸಿಗೆ ನಿದ್ದೆಯ ಔಷಧ ಕೊಡದೆ ಕೆಲಸ ಆದರೆ ಒಳ್ಳೆಯದು. ಹಾಗಾಗಿ ದಾರಿಯಲ್ಲಿ ಮಲಗಿಸಬೇಡಿ, ಇಲ್ಲಿಗೆ ಬಂದು ತಾನಾಗಿ ಮಲಗಲಿ ಅಂದಿದ್ದರು. ಸ್ಕ್ಯಾನಿಗೆ ಮೊದಲು ಕೆಲವು ತಾಸು ಹಾಲೂ ಕೊಡುವಂತಿಲ್ಲ.

ಚಲಿಸುವ ಕಾರಿನಲ್ಲಿ ಹಸಿದ ಕೂಸನ್ನು ನಿದ್ದೆಗೆಡಿಸಿ ಕೂಡಿಸುವುದು ಎಂದರೆ ಏನು ಗೊತ್ತೇ? ನಾನು ಹಿಂದಿನ ದಿನವೇ ರಾಮದುರ್ಗಕ್ಕೆ ಹೋಗಿ ಅವರ ಜತೆ ಹೊರಟೆ, ಸಹಾಯಕ್ಕೆಂದು. ಸಾಲಹಳ್ಳಿ ದಾಟುವಷ್ಟರಲ್ಲಿ ಕೂಸಿನ ಕಣ್ಣು ಎಳೆಯತೊಡಗಿತು. ಸವಿತಾ ಅಂಗಾಲಿಗೆ ಕಚಗುಳಿ ಇಟ್ಟಳು. ನಾನು ಚಪ್ಪಾಳೆ ತಟ್ಟಿದೆ. ಈರಣ್ಣ ಬೆಕ್ಕು, ನಾಯಿ, ಎತ್ತು, ಕೊನೆಗೆ ಗಿರಣಿಯ ಮೋಟಾರಿನ ಹಾಗೂ ಕೂಗಿದ. ಅವ್ವನದು ಒಂದೇ ಸಮನೆ ವಿನಂತಿ. ‘ಮಲಗಬ್ಯಾಡ್ರಿ. ಮುರಗೋಡ ಬಂತು ನೋಡ್ರಿ. ಮಠಕ್ಕ ಕೈ ಮುಗೀರಿ. ಏ, ಕಣ್ಣ ಮುಚ್ಚಬ್ಯಾಡ್ರಿ, ನಿಮ್ಮ ಮಗಳ ಊರ ಬಂತು.’

ಮಗಳ ಊರು ಎಂದರೆ ಬೈಲಹೊಂಗಲ. ಮಗಳು ಎಂದರೆ ನಾನು! ನನ್ನ ತೊಡೆಯ ಮೇಲೆ ಕಾಲು ಚಾಚಿಕೊಂಡು ನನ್ನನ್ನೇ ಒದೆಯುತ್ತಿದ್ದವನ ಮಗಳು. ಕಾರು ನಮ್ಮ ಮನೆಯ ರಸ್ತೆ ದಾಟಿ ಮುಂದೆ ಹೋಯಿತು. ಆಗ ಮುಂದಿನ ಸೀಟಿನಿಂದ ಗೊರಕೆ ಕೇಳಿಸಿತು. ನೋಡಿದರೆ ಈರಣ್ಣ ಮಲಗಿದ್ದ. ‘ಇವನ್ನ ಸ್ಕ್ಯಾನ್ ಮಾಡಸೂನು’ ಅಂದಳು ಸವಿತಾ. ಡ್ರೈವರ್ ನಕ್ಕ ನಗೆಗೆ ಕೂಸು ಪೂರ್ತಿ ಎಚ್ಚರವಾಯಿತು.

ಬೆಳಗಾವಿಯ ದವಾಖಾನೆಯಲ್ಲಿ ಮೊದಲು ಹೃದಯ ನೋಡಿದರು, ಅದು ಚೆನ್ನಾಗಿತ್ತು. ಚಿತ್ರದಲ್ಲಿ ರಕ್ತನಾಳ ಎದ್ದು ಕಾಣಲೆಂದು ಔಷಧ ಬಿಡಲು ಪುಟ್ಟ ಕೈಗೆ ಸೂಜಿ ಹಾಕಿದರು. ಅತ್ತ, ಪಾಪ, ಅಳುವುದಕ್ಕೂ ಉಸಿರು ಸಾಲದೆ ಅತ್ತ. ಅವ್ವ ಹೆಗಲ ಮೇಲೆ ಹಾಕಿಕೊಂಡು ವರಾಂಡದಲ್ಲಿ ತಿರುಗಾಡಿದಳು. ತಿರುಗಾಡುತ್ತಲೇ ಬೆಳ್ಳಿಯ ಕಾಲ್ಗಡಗ, ಉಡದಾರ, ಕೊರಳಿನ ತಾಯತ ಒಂದೊಂದಾಗಿ ಬಿಚ್ಚಿ ನನ್ನ ಕೈಗೆ ಹಾಕಿದಳು. ಲೋಹ ಇರಬಾರದು ಅಂದಿದ್ದರು. ಕೊನೆಗೆ ಕೂಸಿನ ಕೈ ಅವಳ ಬೆನ್ನ ಮೇಲೆ ಜೋತುಬಿತ್ತು. ಗುರ್ರ್ ಶುರುವಾಯಿತು. ಮಲಗಿದ.

ಅಷ್ಟರಲ್ಲಿ ಸ್ಕ್ಯಾನ್ ಕೋಣೆಯ ಬಾಗಿಲು ತೆರೆಯಿತು. ಬಿಳಿ ಕೋಟಿನ ಹುಡುಗಿಯೊಬ್ಬಳು ಹೊರಬಂದಳು. ಕೋಟಿನ ತೋಳಿನೊಳಗೆ ಹಸಿರು ಬಳೆಗಳ ಸಾಲು. ಹೊಸದಾಗಿ ಮದುವೆಯಾದ ಹುಡುಗಿ. ‘ಕೂಸಿನ ಹೆಸರೇನ್ರಿ ಅಮ್ಮಾ?’ ಅಂದಳು ಮೆಲ್ಲಗೆ.

ಅವ್ವ ನನ್ನನ್ನು ಮೊಳಕೈಯಿಂದ ತಿವಿಯಲು ನೋಡಿದಳು. ತಿವಿದರೆ ಕೂಸು ಏಳುತ್ತದೆ. ನಾನು ಬಾಯಿ ತೆರೆದೆ. ಹುಡುಗಿ ಕೈ ಅಡ್ಡ ಹಿಡಿದಳು. ಒಬ್ಬರ ಬದಲು ಇನ್ನೊಬ್ಬರು ಒಳಗೆ ಹೋಗಬಾರದಲ್ಲ, ಕೂಸನ್ನು ಎತ್ತಿಕೊಂಡು ಒಳಗೆ ಬರುವವರೇ ಹೆಸರು ಹೇಳಬೇಕು, ಅದು ಅವರ ಪದ್ಧತಿ. ಕೂಸನ್ನು ನಮ್ಮ ಹೆಗಲಿಗೆ ಬದಲಿಸೋಣವೇ? ಎದ್ದರೆ ಇಷ್ಟೆಲ್ಲ ಮಾಡಿದ್ದು ಮಣ್ಣುಪಾಲು.

‘ಗಿರಣಿಯವರು’ ಅಂದಳು ಅವ್ವ.

‘ಅಡ್ಡಹೆಸರಲ್ರಿ, ಹೆಸರು.’

‘ಇವಳ ಅಪ್ಪಾರ ಹೆಸರು ಇವರಿಗಿ’ ಎಂದು ನನ್ನ ಕಡೆ ಗದ್ದ ತೋರಿಸಿದಳು.

ಹುಡುಗಿ ಅವ್ವನ ಮುಖ ನೋಡಿದಳು, ಹಣೆ ದಾಟಿ ಬಂದ ಸೆರಗು ನೋಡಿದಳು. ಅವಳಿಗೆ ತಿಳಿಯಿತು. ಅವಳ ಊರು ಕಿತ್ತೂರಂತೆ. ಗಂಡನ ಮನೆಯಲ್ಲಿ ಹೊಸ್ತಿಲ ಮೇಲೆ ನಿಲ್ಲಿಸಿ ಒಡಪು ಹೇಳದೆ ಒಳಗೆ ಬಿಡಲಿಲ್ಲ ಅಂತ ಆಮೇಲೆ ಹೇಳಿದಳು. ಒಡಪು ಗೊತ್ತಲ್ಲ, ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರನ್ನು ಕೂಡಿಸಿ ಹೇಳುವುದು. ಬರೀ ಹೆಸರು ಹೇಳಬಾರದು, ಒಡಪಿನೊಳಗೆ ಹೇಳಿದರೆ ತಪ್ಪಿಲ್ಲ. ನಮ್ಮ ಹಿರಿಯರು ಎಂಥ ಕಾನೂನು ಮಾಡಿದರೂ ಪಕ್ಕದಲ್ಲೊಂದು ಕಿಟಕಿ ಇಡುತ್ತಿದ್ದರು.

‘ಒಡಪು ಹಾಕಿ ಹೇಳ್ರಿ ಅಮ್ಮಾ’ ಅಂದಳು ಹುಡುಗಿ.

ಅಪ್ಪ ಹೋದ ಮೇಲೆ ಅವ್ವನನ್ನು ಯಾರೂ ಒಡಪು ಕೇಳಿರಲಿಲ್ಲ. ಮದುವೆ, ಸೀಮಂತ, ಎಲ್ಲಿ ಹೋದರೂ ಹೆಂಗಸರು ಸುತ್ತ ಕೂತು ಒಬ್ಬೊಬ್ಬರನ್ನೇ ಕಾಡುತ್ತಾರೆ. ಅವ್ವನ ಸರದಿ ಬಂದಾಗ ಅವಳನ್ನು ದಾಟಿ ಮುಂದಿನವಳಿಗೆ ಹೋಗುತ್ತಾರೆ. ಒಂದು ಕಾಲಕ್ಕೆ ಓಣಿಯಲ್ಲೇ ಒಡಪಿಗೆ ಹೆಸರಾದವಳು, ಸುಮ್ಮನೆ ಕೂತು ಎಲೆಯಡಿಕೆ ಹಂಚುತ್ತಿದ್ದಳು.

ಅವ್ವ ಗೋಡೆಯ ಕಡೆ ಸ್ವಲ್ಪ ತಿರುಗಿದಳು. ಕೂಸಿನ ಬೆನ್ನು ತಟ್ಟುವುದನ್ನು ನಿಲ್ಲಿಸಲಿಲ್ಲ. ಆ ತಟ್ಟಿಗೇ ಹೊಂದಿಸಿಕೊಂಡು ಮೆಲುದನಿಯಲ್ಲಿ ಹೇಳಿದಳು:

ಜ್ವಾಳ ಬೀಸೂ ಗಿರಣಿ ನಮ್ಮದು, ರಾಮದುರ್ಗದ ಓಣಿ,
ಎದಿಯ ಒಳಗ ಇಣಕತೈತಂತ ನಿಮ್ಮ ಗಾಜಿನ ಕೋಣಿ,
ಕರಕೊಂಡ ಬಂದೇನಿ, ನೋಡಿ ಹೇಳ ಕಿತ್ತೂರ ಜಾಣಿ,
ರಾಚಪ್ಪನವರು ಸಣ್ಣಾಗ್ಯಾರ, ಮುದುಕಿ ಆಗ್ಯಾಳ ರಾಣಿ.

ವರಾಂಡದಲ್ಲಿ ಸರದಿಗೆ ಕೂತವರು, ಕಾಲು ಮುರಿದವರು, ಎದೆ ಹಿಡಿದುಕೊಂಡವರು ಎಲ್ಲ ನಕ್ಕರು. ಹುಡುಗಿ ಬಳೆಯ ಸದ್ದಾಗದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಈರಣ್ಣ ಕಣ್ಣೊರೆಸಿಕೊಂಡ. (ಎಲ್ಲಿಂದ ಬಂತು ಅವ್ವನಿಗೆ ‘ಕಿತ್ತೂರ ಜಾಣಿ’? ಮೊದಲೊಮ್ಮೆ ಹೊರಬಂದಾಗ ಆಚೆ ಕೂತವರ ಜತೆ ಆ ಹುಡುಗಿ ತನ್ನ ಊರಿನ ಮಾತಾಡಿದ್ದನ್ನು ತಿರುಗಾಡುತ್ತಲೇ ಕೇಳಿಸಿಕೊಂಡಿದ್ದಳಂತೆ. ತಕ್ಕಡಿಯ ಕಿರುಬೆರಳು ಹಿಡಿಯುವವಳು ಅಂತ ಹೇಳಿದೆನಲ್ಲ.)

ಕೂಸು ಏಳಲಿಲ್ಲ.

ಒಳಗೆ ಅವ್ವನಿಗೆ ಸೀಸದ ಕೋಟು ತೊಡಿಸಿದರು. ‘ಜ್ವಾಳದ ಚೀಲ ಹೊತ್ತಂಗ ಆತು’ ಅಂದಳಂತೆ. ಕೂಸನ್ನು ಹಲಗೆಯ ಮೇಲೆ ಮಲಗಿಸಿದರು, ಹಲಗೆ ದೊಡ್ಡ ಉಂಗುರದಂಥ ಯಂತ್ರದೊಳಗೆ ಸರಿಯಿತು, ಹೊರಬಂತು. ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತೂ ಹಿಡಿಯಲಿಲ್ಲ. ನಿದ್ದೆಗೆಡಿಸಲು ನಾವು ಪಟ್ಟ ಪಾಡೇ ಅದಕ್ಕಿಂತ ನೂರು ಪಟ್ಟು ದೊಡ್ಡದು.

ಸಂಜೆಗೆ ಹೃದಯದ ಡಾಕ್ಟರು ನಮ್ಮನ್ನು ಕರೆದು ಕಂಪ್ಯೂಟರಿನ ಮುಂದೆ ಕೂಡಿಸಿದರು. ಪರದೆಯ ಮೇಲೆ ಕೂಸಿನ ಎದೆ. ಚರ್ಮವಿಲ್ಲ, ಎಲುಬಿಲ್ಲ, ಬರೀ ಹೃದಯ, ಕೆಂಪು ರಕ್ತನಾಳ, ನೀಲಿ ಉಸಿರುಕೊಳವೆ. ಕೈಯಾಡಿಸಿದರೆ ಮುಂದೆ ಹಿಂದೆ ತಿರುಗುತ್ತದೆ, ಕುಂಬಾರ ಗಡಿಗೆ ತಿರುಗಿಸಿ ತೋರಿಸಿದ ಹಾಗೆ. ಕತ್ತಿ ಮುಟ್ಟಿಸದೆ, ಒಂದು ಗೆರೆ ಗಾಯವಿಲ್ಲದೆ, ಹೊರಗೆ ಅಮ್ಮನ ಹಾಲು ಕುಡಿಯುತ್ತಿರುವ ಕೂಸಿನ ಎದೆಯೊಳಗನ್ನು ಹೀಗೆ ಸುತ್ತ ನೋಡುವುದು! ನನಗೆ ದೇವರ ಮನೆಯ ಬಾಗಿಲು ತೆಗೆದಂತೆ ಆಯಿತು.

ಹೃದಯದಿಂದ ಮೇಲೇರುವ ದೊಡ್ಡ ರಕ್ತನಾಳ ಒಂದೇ ಕಮಾನಾಗಿ ಬಾಗಿ ಇಳಿಯಬೇಕು. ತಾಯಿಯ ಹೊಟ್ಟೆಯಲ್ಲಿ ಆರಂಭಕ್ಕೆ ಎಲ್ಲರಿಗೂ ಎರಡು ಕಮಾನು ಇರುತ್ತವಂತೆ, ಒಂದು ತಾನಾಗಿ ಕರಗಿಹೋಗುತ್ತದೆ. ಇವನದು ಕರಗಿಲ್ಲ. ಎರಡೂ ಉಳಿದು, ಉಸಿರಿನ ಕೊಳವೆ ಮತ್ತು ಅನ್ನದ ಕೊಳವೆಯ ಎಡಕ್ಕೊಂದು ಬಲಕ್ಕೊಂದು ಹಾಯ್ದು ಹಿಂದೆ ಹೋಗಿ ಕೂಡಿಕೊಂಡಿವೆ. ನಡುವೆ ಎರಡೂ ಕೊಳವೆ ಸಿಕ್ಕಿಬಿದ್ದಿವೆ. ಉಸಿರಾಡಿದರೆ ಸಪ್ಪಳ, ನುಂಗಿದರೆ ಕೆಮ್ಮು. ಕತ್ತು ಹಿಂದಕ್ಕೆ ಚೆಲ್ಲಿದರೆ ಕೊಳವೆ ಸ್ವಲ್ಪ ಸಡಿಲಾಗುತ್ತದೆ, ಅದಕ್ಕೇ ಹಾಗೆ ಮಲಗುತ್ತಿದ್ದ. ಗೋಧಿ ಚೀಲದ ನೆನಪಿನಿಂದಲ್ಲ.

‘ಪಟ್ಟಾ ಬಿಗಿ ಕುಂತೈತಿ ಅಂದ್ರ’ ಅಂದ ಈರಣ್ಣ. ಗಿರಣಿಯ ಚಕ್ರಕ್ಕೆ ಹಾಕುವ ಪಟ್ಟಾ ಅವನಿಗೆ ನೆನಪಾಗಿತ್ತು. ಡಾಕ್ಟರು ಖುಷಿಪಟ್ಟರು. ಹೌದು, ಎರಡು ಪಟ್ಟಾಗಳಲ್ಲಿ ಒಂದು ಸಪೂರ ಇದೆ, ಅದನ್ನು ಕತ್ತರಿಸಿ ಬಿಡಿಸುತ್ತೇವೆ, ದಪ್ಪನೆಯದು ಕೆಲಸ ನಡೆಸಿಕೊಂಡು ಹೋಗುತ್ತದೆ. ಎಲ್ಲಿ ಕತ್ತರಿಸಬೇಕೆಂದು ಈ ಚಿತ್ರ ತೋರಿಸಿದೆ ಅಂದರು.

ಅವ್ವ ಪರದೆಯನ್ನೇ ನೋಡುತ್ತಿದ್ದಳು. ‘ಇದು ನಮ್ಮ ಯಜಮಾನ್ರಿಗೂ ಇತ್ತೇನ್ರಿ?’ ಅಂದಳು.

‘ಇಲ್ಲಮ್ಮಾ. ಅವರದು ಹಿಟ್ಟಿನ ಧೂಳ ಇರಬೇಕು. ಇದು ಬ್ಯಾರೆ, ಹುಟ್ಟೂಕಿಂತ ಮೊದಲ ಆಗಿದ್ದು. ಇದು ಇವಂದ ಸ್ವಂತದ್ದು.’

‘ಸ್ವಂತದ್ದು’ ಎಂದು ಅವ್ವ ತನ್ನಷ್ಟಕ್ಕೆ ಹೇಳಿಕೊಂಡಳು.

ಶಸ್ತ್ರಕ್ರಿಯೆಯ ದಿನದ ಬಗ್ಗೆ ಬರೆಯುವುದಿಲ್ಲ. ಬಾಗಿಲ ಹೊರಗೆ ಕಾದವರಿಗೆ ಅದು ಗೊತ್ತು, ಕಾಯದವರಿಗೆ ಗೊತ್ತಾಗುವುದೇ ಬೇಡ. ಎಲ್ಲ ಸರಿಯಾಯಿತು ಅಂತಷ್ಟೇ ತಿಳಿಯಿರಿ. ಇಷ್ಟು ದಿನ ಹಿಚುಕಿಸಿಕೊಂಡ ಕೊಳವೆ ಗಟ್ಟಿಯಾಗಲು ಕೆಲವು ತಿಂಗಳು ಬೇಕು, ಅಲ್ಲಿಯತನಕ ಸಪ್ಪಳ ಸ್ವಲ್ಪ ಸ್ವಲ್ಪ ಇರುತ್ತದೆ ಅಂದಿದ್ದರು. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು. ಅಪ್ಪ ಒಮ್ಮೆಲೇ ಎದ್ದು ಹೋಗಲಿಲ್ಲ. ಮೊದಲು ಸಿಳ್ಳು ಹೋಯಿತು. ಆಮೇಲೆ ಹಾಲು ಕುಡಿಯುವಾಗಿನ ಸಪ್ಪಳ ಹೋಯಿತು. ಕೂಸು ಮೆತ್ತನ್ನ ಅನ್ನ ನುಂಗಿತು, ರೊಟ್ಟಿಯ ಚೂರಿಗೆ ಕೈ ಚಾಚಿತು, ಕೊಡದಿದ್ದರೆ ಓಣಿ ಕಿತ್ತುಹೋಗುವಂತೆ ಚೀರಿತು. ಕಡ್ಡಿ ಕೈಗೆ ಮಡಿಕೆ ಬಿದ್ದವು.

ಬಹುವಚನ ಮಾತ್ರ ಮುಂದುವರಿದಿತ್ತು.

ಮೊನ್ನೆ ಭಾನುವಾರ ನಾನು ರಾಮದುರ್ಗದಲ್ಲಿದ್ದೆ. ಊಟದ ನಂತರದ ಹೊತ್ತು. ಕರೆಂಟು ಹೋಗಿ ಗಿರಣಿ ನಿಂತಿತ್ತು. ಹೊರಗೆ ಕಟ್ಟೆಯ ಮೇಲೆ ಹುಸೇನಸಾಬ ಕಾಕಾ ತಪಕೀರದ ಡಬ್ಬಿ ತೆಗೆದಿದ್ದರು. ಒಳಗೆ ಕೂಸು ಕೌದಿಯ ಮೇಲೆ ಮಲಗಿತ್ತು, ಅವ್ವ ಪಕ್ಕದಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಇದ್ದಕ್ಕಿದ್ದಂತೆ ಅವಳ ಕೈ ನಿಂತಿತು.

ಸಪ್ಪಳವಿರಲಿಲ್ಲ. ಗಿರಣಿಯದೂ ಇಲ್ಲ, ಕೂಸಿನದೂ ಇಲ್ಲ.

ಅವ್ವ ಬಾಗಿ ಕೂಸಿನ ಮೂಗಿನ ಕೆಳಗೆ ಬೆರಳು ಹಿಡಿದಳು. ನಾನೂ ಉಸಿರು ಬಿಗಿಹಿಡಿದೆ. ‘ಬೆಚ್ಚಗೈತಿ’ ಅಂದಳು. ಕೂಸಿನ ಕತ್ತು ನೆಟ್ಟಗಿತ್ತು, ಎದೆ ಮೆಲ್ಲಗೆ ಏರಿ ಇಳಿಯುತ್ತಿತ್ತು, ಒಂದಿಷ್ಟೂ ಸದ್ದಿಲ್ಲದೆ. ಅವಳು ಅದನ್ನೇ ನೋಡುತ್ತ ಕೂತಳು. ಈಗ ಅಳುತ್ತಾಳೆ ಅಂದುಕೊಂಡೆ. ಪಕ್ಕಕ್ಕೆ ಸರಿದು ಕೂತೆ.

ಅವ್ವ ತಲೆಯೆತ್ತಿ ಗೋಡೆಯ ಮೇಲಿನ ಅಪ್ಪನ ಫೋಟೊ ನೋಡಿದಳು. ಸೆರಗು ಸರಿಮಾಡಿಕೊಂಡಳು.

‘ನೀವು ಅಲ್ಲೇ ಇರ್ರಿ’ ಅಂದಳು. ‘ಇವಂದ ಇಂವ ನೋಡಕೊಳ್ಳತಾನ.’

ಅಷ್ಟರಲ್ಲಿ ಕರೆಂಟು ಬಂತು. ಪಕ್ಕದಲ್ಲಿ ಗಿರಣಿ ಗುಡುಗಿತು. ಕೂಸು ಬೆಚ್ಚಿಬಿದ್ದು ಎದ್ದು, ಎದೆ ತುಂಬ ಉಸಿರು ಎಳೆದುಕೊಂಡು, ಗಿರಣಿಗೆ ಪೈಪೋಟಿಯಾಗಿ ಅಳತೊಡಗಿತು. ಅವ್ವ ಎರಡೂ ಕೈ ಚಾಚಿ ಎತ್ತಿಕೊಂಡಳು.

‘ಯಾಕೋ ರಾಚ್ಯಾ? ಯಾಕ ಅಳತೀಯೋ? ನಮ್ಮ ಗಿರಣಿನ ಐತಲ್ಲೋ ಅದು, ಹುಚ್ಚಪ್ಪ.’

ಹೊರಗೆ ಡಬ್ಬಿ ಬಿದ್ದ ಸದ್ದಾಯಿತು. ಆಮೇಲೆ ಕಾಕಾ ಬಾಗಿಲಲ್ಲಿ ಇಣುಕಿದರು, ಗಡ್ಡದ ತುಂಬ ತಪಕೀರ. ‘ವೈನಿ, ಯಾರನ್ನ ಕರದಿ?’

‘ನನ್ನ ಮೊಮ್ಮಗನ್ನ’ ಅಂದಳು ಅವ್ವ. ‘ನಿನಗೇನ ಆಗಬೇಕಾಗಿತ್ತು?’

ಅವತ್ತು ಬಿಚ್ಚಿದ ಅವ್ವನ ಬಾಯಿ ಇನ್ನೂ ಮುಚ್ಚಿಲ್ಲ. ಬೆಳಿಗ್ಗೆಯಿಂದ ‘ರಾಚ್ಯಾ, ಅಲ್ಲಿ ಹೋಗಬ್ಯಾಡ’, ‘ರಾಚ್ಯಾ, ಹಿಟ್ಟಿನ್ಯಾಗ ಕೈ ಹಾಕಬ್ಯಾಡ’, ‘ರಾಚ್ಯಾ, ಬಾ ರೊಟ್ಟಿ ತಿನ್ನುವಿಯಂತ’. ಕೂಸು ತೊಡೆಯ ಮೇಲೆ ಇದ್ದಾಗಲೂ ಕರೆಯುತ್ತಾಳೆ, ಸುಮ್ಮನೆ, ಬಾಯಿ ರುಚಿಗೆ ಅನ್ನುತ್ತಾಳೆ ಸವಿತಾ. ಒಂದು ಆಯುಷ್ಯದ ಹೆಸರು ಒಳಗೆ ಕೂಡಿಟ್ಟಿದ್ದಳಲ್ಲ, ಖರ್ಚಾಗಲಿ ಬಿಡಿ.

ಹಿಟ್ಟು ಬೀಸಲು ಬಂದ ಹೆಂಗಸರು ಈಗಲೂ ಒಳಗೆ ಬರುತ್ತಾರೆ. ಕೇಳಲು ಏನೂ ಇಲ್ಲದ್ದಕ್ಕೆ ನೋಡುತ್ತಾರೆ. ಕಿವಿ ಅಜ್ಜನದು, ಸಿಟ್ಟು ಅಜ್ಜನದು, ಬಿಸಿ ರೊಟ್ಟಿಗೆ ಬೀಳುವುದಂತೂ ಅಜ್ಜನದೇ ಅನ್ನುತ್ತಾರೆ. ಅನ್ನಲಿ, ನಮ್ಮದೇನು ಹೋಗುತ್ತದೆ? ಕಿವಿ ಅಜ್ಜನದೇ ಇರಲಿ, ಸಿಟ್ಟು ಅಜ್ಜನದೇ ಇರಲಿ.

ಉಸಿರಾದರೂ ಕೂಸಿನ ಸ್ವಂತದ್ದು ಬೇಡವೇ?